ಬೀದಿಯಲ್ಲಿ ನಿಲ್ಲುವ ಕಾರಿಗೆ ಯಾವ ಬೀಗ? ಎರಡು ವರ್ಷ ಹಾಕಿ ನೋಡಿದ ಮೇಲೆ

ನಮ್ಮ ಮನೆಯ ಗೇಟಿನೊಳಗೆ ಕಾರಿಗೆ ಜಾಗವಿಲ್ಲ. ರಾಜಾಜಿನಗರದ ಅಡ್ಡರಸ್ತೆಯಲ್ಲಿ, ಹೊಂಗೆ ಮರದ ಕೆಳಗೆ ರಾತ್ರಿಯಿಡೀ ನಿಂತಿರುತ್ತದೆ. 2015ರ ಸಣ್ಣ ಪೆಟ್ರೋಲ್ ಗಾಡಿ. ಎರಡು ವರ್ಷದ ಹಿಂದೆ ನಮ್ಮ ಸಾಲಿನಲ್ಲೇ ನಿಂತಿದ್ದ ಒಂದು ಕಾರು ಬೆಳಗಾಗುವಷ್ಟರಲ್ಲಿ ಇರಲಿಲ್ಲ. ಆಮೇಲೆ ನಾನು ಸ್ಟೀರಿಂಗ್ ರಾಡ್ (ಸ್ಟೀರಿಂಗ್ ಚಕ್ರಕ್ಕೆ ಅಡ್ಡ ಹಾಕುವ ಬೀಗದ ಕೋಲು), ಗೇರ್ ಲಾಕ್, ಸೈರನ್, ಜಿಪಿಎಸ್ ಟ್ರ್ಯಾಕರ್ ನಾಲ್ಕನ್ನೂ ಒಂದೊಂದಾಗಿ ಹಾಕಿಸಿ ನೋಡಿದೆ. ಸೈರನ್ ಬಿಚ್ಚಿಸಿದ್ದೇನೆ, ಗೇರ್ ಲಾಕ್ ಅಪರೂಪಕ್ಕೆ ಹಾಕುತ್ತೇನೆ, ಉಳಿದೆರಡು ದಿನಾ ಬಳಕೆಯಲ್ಲಿವೆ.

ಮೊದಲು ಗಾಡಿಯ ಜೊತೆಗೇ ಬಂದದ್ದರ ಬಗ್ಗೆ ಹೇಳಬೇಕು, ಯಾಕೆಂದರೆ ತುಂಬಾ ಜನ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಮೀಟರಿನ ಹತ್ತಿರ ಕೆಂಪಗೆ ಮಿನುಗುವ ಸಣ್ಣ ದೀಪ ಇಮ್ಮೊಬಿಲೈಸರಿನದು. ಕೀಯ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ, ಇಗ್ನಿಷನ್ ಸುತ್ತ ಒಂದು ತಂತಿಯ ಸುರುಳಿ ಅದನ್ನು ಓದುತ್ತದೆ. ಗುರುತು ತಾಳೆಯಾಗದಿದ್ದರೆ ಎಂಜಿನ್ ನಡೆಯುವುದಿಲ್ಲ. ಒಮ್ಮೆ ರಸ್ತೆಬದಿಯಲ್ಲಿ ಕಡಿಮೆ ದುಡ್ಡಿಗೆ ಚಿಪ್ ಇಲ್ಲದ ನಕಲಿ ಕೀ ಮಾಡಿಸಿದ್ದೆ. ಬಾಗಿಲು ತೆಗೆಯಿತು, ಸ್ಟಾರ್ಟರ್ ಕೂಡ ತಿರುಗಿತು, ಎಂಜಿನ್ ಮಾತ್ರ ಹಿಡಿಯಲಿಲ್ಲ. ಆ ಕೀ ಈಗ ಬಾಗಿಲು ತೆಗೆಯಲಿಕ್ಕಷ್ಟೇ. ಚಿಪ್ ಇರುವ ಎರಡನೇ ಕೀಯನ್ನು ಜೋಪಾನವಾಗಿಡಿ. ಗಾಡಿ ಕಳುವಾಗಿ ವಿಮೆ ಕೇಳಲು ಹೋದರೆ ಎರಡೂ ಕೀ ತನ್ನಿ ಅನ್ನುತ್ತಾರೆ.

ಇನ್ನು ರಿಮೋಟು. ನಮ್ಮ ಗಾಡಿಯ ಮೆಕ್ಯಾನಿಕ್ ಒಂದು ಮಾತು ಹೇಳಿದ್ದ: "ಅಕ್ಕಾ, ಕೀಂಯ್ ಅಂದ ಶಬ್ದ ಕೇಳಿ ಹೊರಟುಬಿಡಬೇಡಿ, ಹ್ಯಾಂಡಲ್ ಎಳೆದು ನೋಡಿ." ಪಕ್ಕದ ಗಾಡಿಯ ಶಬ್ದವನ್ನು ನಮ್ಮದೆಂದುಕೊಂಡು ಹೋಗುವುದಿದೆ, ನಾಲ್ಕು ಬಾಗಿಲಲ್ಲಿ ಒಂದರ ಮೋಟರ್ ಸೋತು ಅದೊಂದೇ ತೆರೆದಿರುವುದೂ ಇದೆ. ನನಗೆ ಎರಡನೆಯದು ಆಯಿತು, ಹಿಂದಿನ ಎಡ ಬಾಗಿಲು ಎಷ್ಟು ದಿನ ಹಾಗೇ ಇತ್ತೋ ಗೊತ್ತಾಗಲಿಲ್ಲ. ಇನ್ನೊಂದು ವಿಷಯ, ರಿಮೋಟಿನಲ್ಲಿ ತೆಗೆದು ಅರ್ಧ ನಿಮಿಷ ಯಾವ ಬಾಗಿಲನ್ನೂ ಮುಟ್ಟದಿದ್ದರೆ ನನ್ನ ಗಾಡಿ ತಾನಾಗಿ ಮತ್ತೆ ಲಾಕ್ ಆಗುತ್ತದೆ. ಹಾಗಾಗಿ ಕೀಯನ್ನು ಡಿಕ್ಕಿಯೊಳಗಾಗಲಿ ಸೀಟಿನ ಮೇಲಾಗಲಿ ಒಂದು ಕ್ಷಣಕ್ಕೂ ಇಡುವುದಿಲ್ಲ.

ಈಗ ರಾಡ್ ಮತ್ತು ಗೇರ್ ಲಾಕ್. ಗಟ್ಟಿತನ ಒಂದನ್ನೇ ನೋಡಿದರೆ ಗೇರ್ ಲಾಕ್ ಮೇಲು. ಕನ್ಸೋಲಿಗೆ ರಂಧ್ರ ಕೊರೆದು, ಒಳಗಿನ ಕಬ್ಬಿಣಕ್ಕೆ ಬೋಲ್ಟ್ ಹಾಕಿ ಕೂರಿಸುತ್ತಾರೆ, ರಿವರ್ಸ್ ಗೇರಿಗೆ ಹಾಕಿ ಬೀಗ ತಿರುಗಿಸಿದರೆ ಲಿವರ್ ಅಲ್ಲಾಡುವುದಿಲ್ಲ. ರಾಡ್ ಅಷ್ಟು ಗಟ್ಟಿಯಲ್ಲ, ಅದಕ್ಕಿಂತ ಹೆಚ್ಚಾಗಿ ಸ್ಟೀರಿಂಗ್ ಚಕ್ರವೇ ಗಟ್ಟಿಯಲ್ಲ. ಫೋಮಿನ ಒಳಗಿರುವುದು ತೆಳು ಲೋಹದ ಬಳೆ. ಗರಗಸದಿಂದ ಅದನ್ನು ಕುಯ್ದರೆ ರಾಡ್ ಹೊರಬರುತ್ತದೆ.

ಆದರೂ ನನ್ನ ಆಯ್ಕೆ ರಾಡ್. ಕಾರಣ, ಅದು ಕಾಣುತ್ತದೆ. ಹಳದಿ ಬಣ್ಣದ ಆ ಉದ್ದನೆಯ ಕೋಲು ಬೀದಿದೀಪದ ಬೆಳಕಿಗೆ ಗಾಜಿನಾಚೆಯಿಂದಲೇ ಎದ್ದು ತೋರುತ್ತದೆ. ಗೇರ್ ಲಾಕ್ ಇರುವುದು ಕೆಳಗೆ ಕತ್ತಲಲ್ಲಿ. ಕಳ್ಳ ಗಾಜು ಒಡೆದು ಒಳಗೆ ಬಂದ ಮೇಲಷ್ಟೇ ಅವನಿಗೆ ಅದು ಗೊತ್ತಾಗುತ್ತದೆ, ಅಷ್ಟರಲ್ಲಿ ನನ್ನ ಗಾಜು ಹೋಗಿರುತ್ತದೆ. ಜೊತೆಗೆ, ಮುಂದಿನ ಚಕ್ರಕ್ಕೆ ಎಂಜಿನ್ ಎಳೆತ ಇರುವ ನನ್ನಂಥ ಗಾಡಿಯ ಮುಂಭಾಗ ಎತ್ತಿ ಎಳೆದೊಯ್ದರೆ ಗೇರ್ ಲಾಕ್ ತಡೆಯುವುದಿಲ್ಲ. ಹಿಂದಿನ ಚಕ್ರಗಳನ್ನು ಹಿಡಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ.

ಕೈ ಅಭ್ಯಾಸದ ಪ್ರಶ್ನೆಯೂ ಇದೆ. ಗೇರ್ ಲಾಕಿಗೆ ಬಗ್ಗಬೇಕು, ಗೇರ್ ಸರಿಯಾದ ಜಾಗಕ್ಕೆ ಬೀಳಬೇಕು, ಬೇರೆ ಕೀ ಹುಡುಕಬೇಕು. ಮೊದಲ ತಿಂಗಳು ತಪ್ಪದೆ ಹಾಕಿದೆ. ಮೂರನೇ ತಿಂಗಳಿಗೆ ವಾರದಲ್ಲಿ ಎರಡು ದಿನಕ್ಕೆ ಇಳಿದಿತ್ತು. ರಾಡ್ ಹಾಕಲು ಹದಿನೈದು ಸೆಕೆಂಡ್ ಸಾಕು, ಎರಡು ವರ್ಷದಲ್ಲಿ ತಪ್ಪಿಸಿದ ರಾತ್ರಿಗಳನ್ನು ಬೆರಳಲ್ಲಿ ಎಣಿಸಬಹುದು. ಒಂದು ಎಚ್ಚರಿಕೆ ಮಾತ್ರ ಮರೆಯಬಾರದು: ಓಡಿಸುವಾಗ ರಾಡನ್ನು ಚಾಲಕನ ಸೀಟಿನ ಕೆಳಗೆ ಇಡಲೇಬೇಡಿ. ನಾನು ಇಟ್ಟಿದ್ದೆ. ಸುಂಕದಕಟ್ಟೆ ಬಳಿ ಬ್ರೇಕ್ ಹಾಕಿದಾಗ ಉರುಳಿ ಪಾದದ ಹತ್ತಿರ ಬಂತು. ಬ್ರೇಕ್ ಪೆಡಲ್ಲಿನ ಹಿಂದೆ ಸಿಕ್ಕಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಎದೆ ಝಲ್ಲೆನ್ನುತ್ತದೆ. ಈಗ ಅದರ ಜಾಗ ಹಿಂದಿನ ಸೀಟಿನ ನೆಲ.

ಸೈರನ್ ನನಗೆ ಕೊಟ್ಟದ್ದು ಕಷ್ಟವನ್ನೇ. ಅಲುಗಾಟ ಗುರುತಿಸುವ ಸೆನ್ಸರ್ ಇರುವಂಥದ್ದು. ನೀರಿನ ಟ್ಯಾಂಕರ್ ಹೋದರೆ ಕೂಗಿತು, ಹೊಂಗೆಯ ಕೊಂಬೆ ಬಿದ್ದರೆ ಕೂಗಿತು, ದೀಪಾವಳಿಯ ಮೂರು ರಾತ್ರಿ ಪಟಾಕಿಗೆ ಕೂಗಿತು. ಸೂಕ್ಷ್ಮತೆ ತಗ್ಗಿಸಿದರೆ ಬಾಗಿಲು ಗುದ್ದಿದರೂ ಸುಮ್ಮನಿತ್ತು. ಎದುರುಮನೆಯ ಅಜ್ಜಿಗೆ ನಿದ್ದೆಯ ತೊಂದರೆ, ಅವರು ಬೇಸರಿಸಿಕೊಳ್ಳದೆ "ಏನಮ್ಮಾ, ರಾತ್ರಿ ಮತ್ತೆ ಅದೇ ಆಯ್ತಾ" ಅಂತ ಕೇಳಿದ್ದೇ ನನಗೆ ನಾಚಿಕೆ ತಂದಿತು. ಎರಡು ವಾರ ಕಳೆಯುವಷ್ಟರಲ್ಲಿ ಬೀದಿಯಲ್ಲಿ ಯಾರೂ ಆ ಶಬ್ದಕ್ಕೆ ಕಿಟಕಿ ತೆಗೆಯುತ್ತಿರಲಿಲ್ಲ.

ಟ್ರ್ಯಾಕರ್ ಕಳ್ಳತನ ತಡೆಯುವುದಿಲ್ಲ, ಆದ ಮೇಲೆ ಹೇಳುತ್ತದೆ. ಇದನ್ನು ಒಪ್ಪಿಕೊಂಡೇ ಕೊಳ್ಳಬೇಕು. ನಾನು ಮೊದಲು ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಗಾಡಿಯ ದೋಷ ಪತ್ತೆಮಾಡಲು ಮೆಕ್ಯಾನಿಕ್ ತನ್ನ ಯಂತ್ರ ಜೋಡಿಸುವ ಜಾಗ) ಚುಚ್ಚುವಂಥದ್ದು ತಂದೆ. ಹಾಕಲು ಎಷ್ಟು ಸುಲಭವೋ ಕಿತ್ತೆಸೆಯಲೂ ಅಷ್ಟೇ ಸುಲಭ. ಆಮೇಲೆ ಡ್ಯಾಶ್‌ಬೋರ್ಡ್ ಒಳಗೆ ಅಡಗಿಸಿ ತಂತಿ ಜೋಡಿಸುವಂಥದ್ದಕ್ಕೆ ಬದಲಾಯಿಸಿದೆ. ಮೂಲ ವೈರಿಂಗ್ ಕತ್ತರಿಸಲು ಬಿಡದೆ ಫ್ಯೂಸ್ ಪೆಟ್ಟಿಗೆಯಿಂದಲೇ ಕರೆಂಟ್ ತೆಗೆಸಿಕೊಂಡೆ. ಇಗ್ನಿಷನ್ ಆನ್ ಆದ ಕೂಡಲೇ ಫೋನಿಗೆ ಸಂದೇಶ ಬರುತ್ತದೆ. ಮಾಲ್‌ಗಳ ಕೆಳಮಹಡಿಯಲ್ಲಿ, ಮಲೆನಾಡಿನ ಘಟ್ಟದ ತಿರುವುಗಳಲ್ಲಿ ನೆಟ್‌ವರ್ಕ್ ಸತ್ತಾಗ ಅದೂ ಮೌನ. ಸಿಮ್‌ಗೆ ವರ್ಷವರ್ಷ ದುಡ್ಡು ಕಟ್ಟುತ್ತಿರಬೇಕು.

ಸೈರನ್ ಮತ್ತು ಟ್ರ್ಯಾಕರಿನ ನಿಜವಾದ ಬೆಲೆ ಗೊತ್ತಾದದ್ದು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ. ಅಮ್ಮನ ಮನೆಗೆ ಆಷಾಢದಲ್ಲಿ ಹೋಗಿ, ಅವರ ಆರೋಗ್ಯದ ಕಾರಣಕ್ಕೆ ಮೂರು ವಾರ ಉಳಿದೆ. ಹೊರಡುವ ದಿನ ರಿಮೋಟ್ ಒತ್ತಿದರೆ ಸದ್ದಿಲ್ಲ. ಬ್ಯಾಟರಿ ಪೂರ್ತಿ ಮಲಗಿತ್ತು. ಬೆಂಗಳೂರಿಗೆ ಬಂದ ಮೇಲೆ ಮೆಕ್ಯಾನಿಕ್ ಜೊತೆ ಕೂತು ಅಳೆದೆವು. ಎಲ್ಲ ಬಾಗಿಲು ಮುಚ್ಚಿ, ಲಾಕ್ ಮಾಡಿ, ಗಾಡಿಯೊಳಗಿನ ಎಲೆಕ್ಟ್ರಾನಿಕ್ಸ್ ನಿದ್ದೆಗೆ ಜಾರಲು ಅರ್ಧ ಗಂಟೆ ಬಿಟ್ಟು, ನೆಗೆಟಿವ್ ತಂತಿಯ ನಡುವೆ ಮಲ್ಟಿಮೀಟರ್ ಇಟ್ಟರೆ, ನಿಂತ ಗಾಡಿ ಬ್ಯಾಟರಿಯಿಂದ ಎಳೆಯುತ್ತಿದ್ದ ಕರೆಂಟು 75 ಮಿಲಿಆಂಪಿಯರ್. ಸೈರನ್ ಮತ್ತು ಟ್ರ್ಯಾಕರ್ ಎರಡನ್ನೂ ತೆಗೆದರೆ 22. ದಿನಕ್ಕೆ 1.8 ಆಂಪಿಯರ್-ಅವರ್ (ಬ್ಯಾಟರಿಯಲ್ಲಿ ಎಷ್ಟು ಕರೆಂಟು ಹಿಡಿಯುತ್ತದೆ ಎಂಬುದರ ಅಳತೆ) ಎಲ್ಲಿ, 0.53 ಎಲ್ಲಿ! ನನ್ನದು 35 ಆಂಪಿಯರ್-ಅವರ್ ಬ್ಯಾಟರಿ, ಮೊದಲ ಲೆಕ್ಕದಲ್ಲಿ ಹತ್ತೇ ದಿನಕ್ಕೆ ಅರ್ಧ ಖಾಲಿ. ಹೆಚ್ಚು ಕುಡಿಯುತ್ತಿದ್ದದ್ದು ಸೈರನ್ನೇ. ಅವತ್ತೇ ಬಿಚ್ಚಿಸಿದೆ.

ನಿಂತ ಗಾಡಿಯ ಬ್ಯಾಟರಿ ಉಳಿಸುವ ಮೂರು ದಾರಿಗಳನ್ನೂ ಆಮೇಲೆ ಪರೀಕ್ಷಿಸಿದೆ. ವಾರಕ್ಕೊಮ್ಮೆ ಹತ್ತು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿಡುವುದು ಎಲ್ಲರೂ ಹೇಳುವ ಉಪಾಯ, ಮೂರರಲ್ಲಿ ಅದೇ ಕಳಪೆ. ಮರುದಿನ ಬೆಳಿಗ್ಗೆ ವೋಲ್ಟ್‌ಮೀಟರ್ 12.3ರಲ್ಲೇ ಇತ್ತು. ತುಮಕೂರು ರಸ್ತೆಯಲ್ಲಿ ನಲವತ್ತು ನಿಮಿಷ ಓಡಿಸಿ ಬಂದರೆ ಮರುದಿನ 12.6, ಅಂದರೆ ತುಂಬಿದ ಬ್ಯಾಟರಿ. ಸುಮ್ಮನೆ ನಿಲ್ಲಿಸಿ ಪೆಟ್ರೋಲ್ ಸುಡುವ ಬದಲು ಓಡಿಸಿ ಬರುವುದೇ ಲೇಸು. ಎರಡನೆಯದು ನೆಗೆಟಿವ್ ಟರ್ಮಿನಲ್ ಬಿಚ್ಚುವುದು. ಖರ್ಚಿಲ್ಲ, 10 ನಂಬರ್ ಸ್ಪ್ಯಾನರ್ ಸಾಕು. ಆದರೆ ಆಗ ರಿಮೋಟ್ ಲಾಕ್ ಇಲ್ಲ, ಟ್ರ್ಯಾಕರ್ ತನ್ನ ಸಣ್ಣ ಬ್ಯಾಟರಿ ಮುಗಿದ ಮೇಲೆ ಇಲ್ಲ. ಬಾಗಿಲುಗಳನ್ನು ಕೈಯಿಂದ ಒತ್ತಿ, ಚಾಲಕನ ಬಾಗಿಲನ್ನು ಕೀಯಿಂದ ಹಾಕಬೇಕು. ಗೇರ್ ಲಾಕ್ ನನಗೆ ಉಪಯೋಗಕ್ಕೆ ಬರುವುದು ಇಂಥ ದಿನಗಳಲ್ಲೇ. ಮೂರನೆಯದು, ತುಂಬಿದ ಮೇಲೆ ತಾನೇ ತಗ್ಗುವ ಸ್ಮಾರ್ಟ್ ಚಾರ್ಜರ್. ಅಮ್ಮನ ಮನೆಯ ಪಡಸಾಲೆ ಪಕ್ಕ ಪ್ಲಗ್ ಇರುವುದರಿಂದ ಅಲ್ಲಿಗೆ ಅದೇ ಅತ್ಯುತ್ತಮ. ಬೀದಿಯಲ್ಲಿ ನಿಲ್ಲಿಸುವವರಿಗೆ ಅದು ಆಗದ ಮಾತು.

ಸಾಗರದ ಮಳೆ ಇನ್ನೆರಡು ಪಾಠ ಕಲಿಸಿತು. ಹ್ಯಾಂಡ್‌ಬ್ರೇಕ್ ಎಳೆದೇ ಬಿಟ್ಟಿದ್ದರಿಂದ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿಗೆ ಬ್ರೇಕ್ ಶೂ ತುಕ್ಕು ಹಿಡಿದು ಅಂಟಿತ್ತು. ಈಗ ಸಮತಟ್ಟು ಜಾಗದಲ್ಲಿ ಹೆಚ್ಚು ದಿನ ನಿಲ್ಲಿಸುವುದಾದರೆ ಗಾಡಿಯನ್ನು ಗೇರಿನಲ್ಲಿಟ್ಟು, ಚಕ್ರದ ಎರಡೂ ಬದಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟಿಡುತ್ತೇನೆ. ಗೇರ್ ಲಾಕಿನ ಬೀಗವೂ ತಿರುಗದೆ ಹೋಗಿತ್ತು. ಅಮ್ಮ ಕೊಬ್ಬರಿ ಎಣ್ಣೆ ಬಿಟ್ಟರು, ಆ ಕ್ಷಣಕ್ಕೆ ತಿರುಗಿತು, ತಿಂಗಳಲ್ಲಿ ಧೂಳು ಸೇರಿ ಮೊದಲಿಗಿಂತ ಬಿಗಿಯಾಯಿತು. ಜಿಡ್ಡು ಕರಗಿಸುವ ಸ್ಪ್ರೇಯಿಂದ ಅದನ್ನು ತೊಳೆದು, ಒಣಗಿದ ಮೇಲೆ ಗ್ರಾಫೈಟ್ ಪುಡಿ ಊದಿಸಿದೆ. ವರ್ಷವಾಯಿತು, ಮೆತ್ತಗೆ ತಿರುಗುತ್ತಿದೆ.

ಬೀಗದ ಮಾತಿನಿಂದ ಸ್ವಲ್ಪ ಆಚೆಗೆ, ಗಾಡಿ ತೊಳೆಯುವುದರಲ್ಲಿ ನನಗೆ ಗೊಂದಲವಿಲ್ಲ. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಾಗ ಪೈಪ್ ಬಿಟ್ಟೆ. ಬಟ್ಟೆ ಒಗೆದ ಮೇಲೆ ಉಳಿದ ನೀರು ಎರಡು ಬಕೆಟ್, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಮೈಕ್ರೋಫೈಬರ್ ಬಟ್ಟೆ ಜಾಲಿಸಿಕೊಳ್ಳಲು. ಒಣ ಬಟ್ಟೆಯಲ್ಲಿ ಧೂಳು ಒರೆಸುವುದಂತೂ ಬೇಡವೇ ಬೇಡ, ಬಾನೆಟ್ಟಿನ ಮೇಲೆ ಬಿದ್ದ ಸುತ್ತುಗೆರೆಗಳು ಹಾಗೆ ಆದವೇ.

ಕಳೆದ ತಿಂಗಳು ನನ್ನ ತಮ್ಮ ಹೊಸ ಗಾಡಿ ತಂದ. ಬಟನ್ ಒತ್ತಿ ಸ್ಟಾರ್ಟ್ ಮಾಡುವಂಥದ್ದು, ಕೀ ಜೇಬಿನಲ್ಲಿದ್ದರೆ ಸಾಕು. ಇದರ ಭಯ ಬೇರೆ: ಮನೆಯೊಳಗಿನ ಕೀಯ ಸಂಕೇತವನ್ನು ಹೊರಗಿಂದಲೇ ಹಿಡಿದು ಗಾಡಿಯ ತನಕ ದಾಟಿಸುವ ಕಳ್ಳತನ ವಿದೇಶಗಳಲ್ಲಿ ನಡೆದಿದೆ. ಅವನು ಕೀಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದ. ಭಾನುವಾರ ಇಬ್ಬರೂ ಪರೀಕ್ಷೆ ಮಾಡಿದೆವು. ಬಟ್ಟೆ ಚೀಲದಲ್ಲಿ ಕೀ ಇಟ್ಟು ಗಾಡಿಯ ಹತ್ತಿರ ನಿಂತರೆ ಬಾಗಿಲು ತೆಗೆಯಿತು. ಸಡಿಲ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಒಮ್ಮೆ ತೆಗೆಯಿತು, ಒಮ್ಮೆ ಇಲ್ಲ. ಅಮ್ಮ ಚಟ್ನಿಪುಡಿ ಕಳಿಸಿದ್ದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಆರು ಸಲ ಇಟ್ಟು ನೋಡಿದೆವು, ಒಂದು ಸಲವೂ ತೆಗೆಯಲಿಲ್ಲ. ಡಬ್ಬಿ ಅವನ ಮನೆಯಲ್ಲೇ ಉಳಿಯಿತು.