ಮೈಸೂರಿನ ಶಿವರಾಂಪೇಟೆಯ ಮಹಡಿ ಮೇಲಿನ ರವಿಕೆ ಅಂಗಡಿ: ನನ್ನಂಥ ತಾಯಂದಿರಿಗಾಗಿ ಒಂದು ವಿಮರ್ಶೆ

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಹತ್ತಿ ರವಿಕೆಗೆ ಮತ್ತು ಅಳತೆ ತೆಗೆದುಕೊಳ್ಳುವ ರೀತಿಗೆ ಐದೂ ಸಲ್ಲುತ್ತದೆ. ರೇಷ್ಮೆಯ ಕೆಲಸಕ್ಕೆ ಮತ್ತು ಹೇಳಿದ ದಿನ ಬಟ್ಟೆ ಕೊಡದ ಅಭ್ಯಾಸಕ್ಕೆ ಒಂದನ್ನು ಕಳೆದಿದ್ದೇನೆ. ಕೂಲಿ ಎಷ್ಟು, ಕುತ್ತಿಗೆ ವಿನ್ಯಾಸ ಎಂಥದ್ದು ಎಂದು ಬೇರೆಯವರು ಈಗಾಗಲೇ ಬರೆದಿದ್ದಾರೆ. ನಾನು ಬರೆಯುತ್ತಿರುವುದು ಟ್ರಾನ್ಸ್‌ಜೆಂಡರ್ ಹೆಣ್ಣುಮಕ್ಕಳ ತಾಯಂದಿರಿಗಾಗಿ. ನನ್ನ ಮಗಳು ಅಂಥವಳು.

ನಮ್ಮ ಮನೆ ಮಂಡ್ಯದಲ್ಲಿ. ಮಗಳು ಮೈಸೂರಿನಲ್ಲಿ ಬಿ.ಇಡಿ. ಓದಿದಳು. ಬೋಧನಾಭ್ಯಾಸಕ್ಕೆಂದು ಶಾಲೆಗೆ ಹೋಗುವ ದಿನಗಳಲ್ಲಿ ಅವರ ಕಾಲೇಜಿನ ಹುಡುಗಿಯರು ಸೀರೆ ಉಡಬೇಕು. ವಾರವಿಡೀ ಸೀರೆಯೆಂದರೆ ಐದಾರು ರವಿಕೆಗಳಾದರೂ ಬೇಕು. ಸಿದ್ಧ ರವಿಕೆ ಅವಳಿಗೆ ಕೂರುವುದಿಲ್ಲ. ಭುಜಕ್ಕೆ ಸರಿಹೋದದ್ದು ಎದೆಯಲ್ಲಿ ದೊಗಳೆ, ಎದೆಗೆ ಸರಿಹೋದದ್ದು ಕಂಕುಳಲ್ಲಿ ಬಿಗಿ. ಬೆನ್ನು ಉದ್ದವಾದ್ದರಿಂದ ಕೈ ಎತ್ತಿದರೆ ರವಿಕೆ ಮೇಲೇರುತ್ತದೆ. ತರಗತಿ ತುಂಬ ಮಕ್ಕಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಕಪ್ಪುಹಲಗೆಯ ಮೇಲೆ ಬರೆಯಬೇಕಾದವಳಿಗೆ ಇದು ಸಣ್ಣ ಸಂಗತಿಯಲ್ಲ. ನಾನೂ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಮಕ್ಕಳು ಪಾಠ ಕೇಳುವ ಮೊದಲು ಟೀಚರನ್ನು ನೋಡುತ್ತಾರೆ.

ಇಲ್ಲಿಗೆ ಬರುವ ಮೊದಲು ಬೇರೆ ಕಡೆಗಳಿಗೆ ಹೋಗಿದ್ದೆವು. ಒಂದು ಕಡೆ ಟೇಪು ಹಿಡಿದವರು ಅಳತೆಯನ್ನು ಅರ್ಧಕ್ಕೆ ಬಿಟ್ಟು, ಒಳಗಿದ್ದವರನ್ನು ಕರೆದು ನನ್ನ ಮಗಳನ್ನು ತೋರಿಸಿದರು. ಇನ್ನೊಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಟ್ರಯಲ್ ರೂಮಿನ ಮುಂದೆ ನಿಂತಿದ್ದ ಹುಡುಗಿ, "ಇವರನ್ನು ಒಳಗೆ ಬಿಡುವಂತಿಲ್ಲ ಆಂಟಿ" ಎಂದಳು. ಸಾರ್ವಜನಿಕರಿಗಾಗಿ ಇರುವ ಸರಕು, ಸೇವೆ, ಸೌಲಭ್ಯಗಳನ್ನು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ನಿರಾಕರಿಸುವಂತಿಲ್ಲ ಎಂದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ಮೊಬೈಲಿನಲ್ಲಿ ಅದನ್ನು ತೆಗೆದು ಮ್ಯಾನೇಜರಿಗೆ ಓದಿ ಹೇಳಿದೆ. ಆತ ಬಾಗಿಲು ತೆರೆಸಿದರು. ಅಷ್ಟು ಹೊತ್ತಿಗೆ ಮಗಳು ಮೆಟ್ಟಿಲಿಳಿದು ರಸ್ತೆಗೆ ಹೋಗಿಬಿಟ್ಟಿದ್ದಳು. ಕಾಯ್ದೆ ಬೇಕೇ ಬೇಕು, ಅದನ್ನು ಗಟ್ಟಿಯಾಗಿ ಓದಿ ಹೇಳುವ ಧೈರ್ಯ ತಾಯಿ ತಂದೆಯರಿಗೆ ಇರಲೇಬೇಕು. ಆದರೂ ಒಂದು ರವಿಕೆ ಹೊಲಿಸಲು ಕಾಯ್ದೆ ಓದಬೇಕಾಗಿ ಬಾರದ ಜಾಗವೊಂದು ನನಗೆ ಬೇಕಾಗಿತ್ತು.

ಮಗಳ ಸಹಪಾಠಿಯೊಬ್ಬಳು ಈ ಅಂಗಡಿಯನ್ನು ಹೇಳಿದಳು. ಇಲ್ಲಿ ಹೊಲಿಯುವವರು, ಹುಕ್ಕು ಹಾಕುವವರು ಎಲ್ಲರೂ ಹೆಂಗಸರೇ. ಗಂಡಸರು ಕೌಂಟರ್ ದಾಟುವಂತಿಲ್ಲ. ಅಳತೆ ತೆಗೆಯುವುದು ದಪ್ಪ ಪರದೆಯ ಹಿಂದೆ, ಒಬ್ಬರಾದ ಮೇಲೆ ಒಬ್ಬರಿಗೆ. ಒಡತಿಯ ಮುಂದೆ ನಿಂತು ನಾನು ಮಗಳ ವಿಷಯವನ್ನು ಮೊದಲಿನಿಂದ ವಿವರಿಸಲು ತೊಡಗಿದೆ. ಆಕೆ ಅರ್ಧದಲ್ಲೇ, "ಅಕ್ಕ, ನೀವು ಕುಳಿತುಕೊಳ್ಳಿ. ಹಾಕಿಕೊಳ್ಳುವವಳು ಅವಳು, ಅವಳೇ ಹೇಳಲಿ" ಎಂದರು. ಮಗಳ ಕಡೆ ತಿರುಗಿ, "ಹೆಸರು ಹೇಳಮ್ಮ" ಎಂದು ಕೇಳಿ, ಅವಳು ಹೇಳಿದ ಹೆಸರನ್ನು ಅಳತೆ ಪುಸ್ತಕದಲ್ಲಿ ಬರೆದುಕೊಂಡರು. ಗುರುತಿನ ಚೀಟಿಯನ್ನು ಯಾರೂ ಕೇಳಲಿಲ್ಲ. ರವಿಕೆ ಹೊಲಿಸಲು ಯಾರೂ ಕೇಳುವುದಿಲ್ಲ ಎಂದು ನೀವು ಹೇಳಬಹುದು. ನಮ್ಮನ್ನು ಕೇಳಿದವರಿದ್ದಾರೆ.

ಅಳತೆಯ ಬಗ್ಗೆ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಅಂಗಡಿಯ ಹೆಚ್ಚುಗಾರಿಕೆ ಇರುವುದು ಅಲ್ಲಿ. ಮುಟ್ಟುವ ಮೊದಲು ಪ್ರತಿ ಸಲವೂ "ಈಗ ಎದೆ", "ಈಗ ಕಂಕುಳು" ಎಂದು ಹೇಳಿಯೇ ಟೇಪು ಇಡುತ್ತಾರೆ. ಎದೆಯ ಮೇಲೆ ಟೇಪಿನ ತುದಿಯನ್ನು ಅವಳ ಕೈಗೇ ಕೊಟ್ಟು ಹಿಡಿಸಿದರು. ಸೀರೆಯ ದಿನ ಒಳಗೆ ಯಾವ ಪ್ಯಾಡ್ ಬ್ರಾ ಹಾಕಿಕೊಳ್ಳುತ್ತಾಳೋ ಅದನ್ನೇ ಹಾಕಿಕೊಂಡು ನಿಲ್ಲಬೇಕೆಂದರು. ಬೇರೆಯದರ ಮೇಲೆ ಅಳೆದರೆ ಡಾಟ್ಸ್ (ಎದೆಯ ಆಕಾರಕ್ಕೆ ಹಾಕುವ ಮಡಿಕೆ ಹೊಲಿಗೆ) ಕೂರುವ ಜಾಗವೇ ತಪ್ಪುತ್ತದೆಯಂತೆ. ಭುಜ ಅಗಲ ಇರುವವರಿಗೆ ಬೋಟ್ ನೆಕ್ ಬೇಡ, ಅದು ಇನ್ನೂ ಅಗಲ ಕಾಣಿಸುತ್ತದೆ ಎಂದು ಕುತ್ತಿಗೆಯನ್ನು ಸ್ವಲ್ಪ ಇಳಿಸಿ ವಿ ಆಕಾರಕ್ಕೆ ತಂದರು. ಭುಜದ ಹೊಲಿಗೆಯನ್ನು ಅರ್ಧ ಇಂಚು ಒಳಕ್ಕೆ ಸರಿಸಿ, ತೋಳನ್ನು ನೆರಿಗೆಯಿಲ್ಲದೆ ಮೊಣಕೈವರೆಗೆ ಇಟ್ಟರು. ಉದ್ದವನ್ನು ಒಂದೂವರೆ ಇಂಚು ಹೆಚ್ಚಿಸಿದರು. ಕೊನೆಗೆ, "ಬೋರ್ಡ್ ಮೇಲೆ ಬರೆಯುವ ಹಾಗೆ ಕೈ ಎತ್ತು ನೋಡೋಣ" ಎಂದು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಕಂಕುಳ ಸುತ್ತಳತೆಯನ್ನು ಮತ್ತೊಮ್ಮೆ ತೆಗೆದುಕೊಂಡರು. ಪರದೆಯ ಈಚೆ ಕುಳಿತಿದ್ದ ನನಗೆ ಮಗಳು ನಗುವುದು ಕೇಳಿಸಿತು.

ಹಾರ್ಮೋನ್ ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ಹೊಲಿಸುವವರು ಇದನ್ನು ಗಮನಿಸಬೇಕು. ಅವಳ ವೈದ್ಯರು ಮೊದಲೇ ತಿಳಿಸಿದ್ದರು: ಎದೆಯ ಬೆಳವಣಿಗೆ ಮೂರರಿಂದ ಆರು ತಿಂಗಳಲ್ಲಿ ಶುರುವಾಗಿ ಎರಡು ಮೂರು ವರ್ಷ ನಿಧಾನವಾಗಿ ನಡೆಯುತ್ತದೆ; ಪ್ರಾಯಕ್ಕೆ ಬಂದ ಮೇಲೆ ಭುಜದ ಎಲುಬು ಮಾತ್ರ ಬದಲಾಗುವುದಿಲ್ಲ. ಅಂದರೆ ಇಂದು ಸರಿಯಾಗಿ ಕೂತ ರವಿಕೆ ಬರುವ ವರ್ಷ ಬಿಗಿಯಾಗುತ್ತದೆ. ಇದನ್ನು ಮಗಳು ಹೇಳಿದಾಗ ಒಡತಿ ಸಾಮಾನ್ಯ ಡಾಟ್ಸ್ ಬಿಟ್ಟು ಪ್ರಿನ್ಸೆಸ್ ಕಟ್ ಆರಿಸಿದರು. ಅದರಲ್ಲಿ ಹೊಲಿಗೆ ಎದೆಯ ಮೇಲೆಯೇ ಹಾದು ಹೋಗುವುದರಿಂದ, ಒಳಗೆ ಬಟ್ಟೆ ಬಿಟ್ಟಿದ್ದರೆ ಮುಂಭಾಗವನ್ನೇ ಬಿಚ್ಚಿ ಸಡಿಲಿಸಬಹುದು. ಪಕ್ಕದ ಹೊಲಿಗೆಯಲ್ಲಿ ಎರಡೆರಡು ಇಂಚು ಬಟ್ಟೆ ಬಿಟ್ಟರು. ನಾನೂ ಹಿಂದೆ ಮನೆಮಂದಿಯ ಬಟ್ಟೆ ಹೊಲಿದವಳು. ಬಟ್ಟೆ ಉಳಿಸಲು ಒಳಗೆ ಅರ್ಧ ಇಂಚೂ ಬಿಡದೆ ಕತ್ತರಿಸುವವರನ್ನು ಬಹಳ ಕಂಡಿದ್ದೇನೆ. ಬಿ.ಇಡಿ. ಮುಗಿಯುವ ಹೊತ್ತಿಗೆ ಅವಳ ರವಿಕೆಗಳನ್ನು ಹಾಗೆ ಸಡಿಲಿಸಿದ್ದೂ ಆಯಿತು. ಒಂದಕ್ಕೆ 60 ರೂಪಾಯಿ ತೆಗೆದುಕೊಂಡರು.

ಲೈನಿಂಗ್ ಇರುವ ಹತ್ತಿ ರವಿಕೆಗೆ 400 ರೂಪಾಯಿ, ಲೈನಿಂಗ್ ನಾವೇ ಕೊಟ್ಟರೆ 330. ನಮ್ಮಿಂದ ಬೇರೆಯವರಿಗಿಂತ ಒಂದು ರೂಪಾಯಿ ಹೆಚ್ಚು ಕೇಳಿಲ್ಲ. ಮೆಟ್ಟಿಲು ಕಡಿದು, ಮಂಡಿನೋವಿನವರಿಗೆ ಕಷ್ಟ. ಟ್ರಯಲ್ ಕೋಣೆಯ ದೀಪ ಮಂಕು. ಮಂಗಳವಾರ ರಜೆ.

ರೇಷ್ಮೆಯ ಮಾತು ಬೇರೆ. ನನ್ನ ಮದುವೆಯ ಮೈಸೂರು ರೇಷ್ಮೆ ಸೀರೆಗೆ ಹೊಂದುವ ಬಟ್ಟೆ ತಂದು ಅವಳಿಗೊಂದು ರವಿಕೆ ಹೊಲಿಸಿದೆ. ಮೈಸೂರು ರೇಷ್ಮೆ ಹುರಿ ಹಾಕಿದ ನೂಲಿನ ಕ್ರೇಪ್. ಮೈಮೇಲೆ ನೀರಿನಂತೆ ಇಳಿಯುವ ಆ ಬಟ್ಟೆ ಯಂತ್ರದಡಿ ಜಾರುತ್ತದೆ. ತೆಳು ಸೂಜಿ ಬೇಕು, ಮೊದಲು ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ಇವರು ಅವಸರ ಮಾಡಿದ್ದರು, ಕುತ್ತಿಗೆಯ ಸುತ್ತ ಸುಕ್ಕು ಬಂದಿತ್ತು. ಹೇಳಿದ ಮೇಲೆ ಕೂಲಿಯಿಲ್ಲದೆ ಸರಿಮಾಡಿದರು, ಆದರೆ ಸೂಜಿಯ ತೂತು ಉಳಿಯಿತು. 650 ರೂಪಾಯಿಗೆ ಇದನ್ನು ಒಪ್ಪಲಾಗದು. ರೇಷ್ಮೆಯನ್ನು ಬೇರೆಡೆ ಕೊಡಿ.

ನಮ್ಮ ಯಜಮಾನರ ಬಗ್ಗೆಯೂ ಬರೆಯಬೇಕು. ಮಗಳ ಹೊಸ ಹೆಸರನ್ನು ಅವರು ಬಹಳ ಕಾಲ ಬಾಯಿಬಿಟ್ಟು ಹೇಳಿರಲಿಲ್ಲ. "ಮಗೂ" ಎಂದಷ್ಟೇ ಕರೆಯುತ್ತಿದ್ದರು. ಒಮ್ಮೆ ನನಗೆ ಜ್ವರ ಬಂದು, ರವಿಕೆ ತರಲು ಅವರೇ ಮೈಸೂರಿಗೆ ಹೋದರು. ಚೀಟಿ ಮನೆಯಲ್ಲೇ ಉಳಿದಿತ್ತು. "ಯಾರ ಹೆಸರಿನಲ್ಲಿದೆ ಅಣ್ಣಾ?" ಎಂದು ಅಂಗಡಿಯವರು ಕೇಳಿದಾಗ ಹೇಳಲೇಬೇಕಾಯಿತು. ಮನೆಗೆ ಬಂದು ಪೊಟ್ಟಣವನ್ನು ಅವಳ ಕೈಗೆ ಕೊಡುವಾಗಲೂ ಅದೇ ಹೆಸರಿನಿಂದ ಕರೆದರು. ಈಗ ಹಾಗೆಯೇ ಕರೆಯುತ್ತಾರೆ.

ಆಸ್ಪತ್ರೆ, ಪ್ರಮಾಣಪತ್ರ, ನೆಂಟರ ಬಾಯಿ ಇವುಗಳ ನಡುವೆ ಬಟ್ಟೆಯ ಮಾತು ಹಿಂದಕ್ಕೆ ಬೀಳುತ್ತದೆಂದು ನನಗೆ ಗೊತ್ತು. ಆದರೆ ಬೆಳಿಗ್ಗೆ ಎಂಟು ಗಂಟೆಗೆ ಕನ್ನಡಿಯ ಮುಂದೆ ನಿಲ್ಲುವ ಹುಡುಗಿಗೆ ಮೊದಲು ಬೇಕಾಗುವುದು ಬಟ್ಟೆಯೇ. 2021ರಲ್ಲಿ ರಾಜ್ಯ ಸರ್ಕಾರ ನೇರ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ತಂದಿತು. 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಮೂವರು ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳು ಇದ್ದರೆಂಬ ಸುದ್ದಿಯನ್ನು ಕತ್ತರಿಸಿ ಮಗಳ ಪುಸ್ತಕದಲ್ಲಿ ಇಟ್ಟಿದ್ದೇನೆ. ಅವಳು ಈಗ ಶಿಕ್ಷಕರ ನೇಮಕಾತಿಯ ಪರೀಕ್ಷೆಗೆ ಓದುತ್ತಿದ್ದಾಳೆ. ಇನ್ನೂ ಆರು ರವಿಕೆಗೆ ಬಟ್ಟೆ ಕೊಟ್ಟು ಬಂದಿದ್ದೇವೆ.

ಹೋಗುವವರು ಭಾನುವಾರ, ಹಬ್ಬದ ವಾರ ಬಿಟ್ಟು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಜನ ಕಡಿಮೆ, ಒಡತಿ ತಾವೇ ಅಳತೆ ತೆಗೆಯುತ್ತಾರೆ. ಮಗಳೇ ಮಾತಾಡಲಿ, ನೀವು ಈಚೆ ಕುಳಿತಿರಿ. ಹೇಳಿದ ದಿನಕ್ಕೆ ಒಂದು ವಾರ ಸೇರಿಸಿಕೊಂಡೇ ಲೆಕ್ಕ ಹಾಕಿ. ದಸರೆಗೆ ಬೇಕಿದ್ದರೆ ಗಣೇಶನ ಹಬ್ಬ ಮುಗಿದ ಕೂಡಲೇ ಬಟ್ಟೆ ಕೊಟ್ಟುಬಿಡಿ.