ರೈಲಿನ ರಶ್ ಹೇಳುವ ಆಪ್: ಮಂಡ್ಯದ ಪಾಸ್‌ನವನ ವಿಮರ್ಶೆ

ಮಂಡ್ಯದಿಂದ ಬೆಂಗಳೂರಿಗೆ ಪಾಸ್‌ನಲ್ಲಿ ಓಡಾಡುವವನು ನಾನು. ರೈಲು ಬರುವ ಮುಂಚೆಯೇ ರಶ್ ಎಷ್ಟಿದೆ ಅಂತ ಹೇಳುವ ಆಪ್ ಒಂದನ್ನು ಬಳಸಲು ಶುರು ಮಾಡಿ ವರ್ಷದ ಮೇಲಾಯಿತು. ಐದಕ್ಕೆ ಎರಡೂವರೆ ಸ್ಟಾರ್.

ಸಂಜೆ ವಾಪಸ್ ಬರುವಾಗ ಪರವಾಗಿಲ್ಲ. ಯಾವ ರೈಲಿಗೆ ಜನ ಜಾಸ್ತಿ, ಯಾವುದಕ್ಕೆ ಕಮ್ಮಿ ಅನ್ನುವುದನ್ನು ಹೆಚ್ಚೂಕಮ್ಮಿ ಸರಿಯಾಗೇ ಹೇಳುತ್ತದೆ. ಜಾಹೀರಾತಿನ ಕಾಟ ಇದೆ, ಸಹಿಸಿಕೊಳ್ಳಬಹುದು. ಎಡವುವುದು ಸೋಮವಾರ ಬೆಳಿಗ್ಗೆ, ಹಬ್ಬದ ಮಾರನೇ ದಿನ. 'ಸೀಟು ಸಿಗಬಹುದು' ಅಂತ ಹಸಿರು ಬಣ್ಣ ತೋರಿಸಿರುತ್ತದೆ. ಮೈಸೂರು ಕಡೆಯಿಂದ ಬಂದ ರೈಲು ನೋಡಿದರೆ ಬಾಗಿಲಲ್ಲೇ ಜನ ನೇತಾಡುತ್ತಿರುತ್ತಾರೆ. ಹೇಗೋ ಒಳಗೆ ತೂರಿಕೊಂಡರೆ, ಖಾಲಿ ಇರುವ ಒಂದು ಸೀಟಿನ ಮೇಲೆ ಯಾರದೋ ಕರ್ಚೀಫು. ಅದನ್ನು ಯಾವ ಆಪ್ ಲೆಕ್ಕ ಹಾಕುತ್ತೆ ಹೇಳಿ!

ಕಾರಣ ಇದೆ. ಈ ಆಪ್ ಬಳಸುವವರನ್ನೇ 'ಎಷ್ಟು ರಶ್ ಇದೆ' ಅಂತ ಕೇಳಿ, ಹಳೆಯ ಉತ್ತರಗಳ ಮೇಲೆ ಅಂದಾಜು ಕಟ್ಟುತ್ತದೆ. ಗೂಗಲ್ ಮ್ಯಾಪ್ಸ್ 2019ರಲ್ಲಿ ಸುಮಾರು 200 ನಗರಗಳಿಗೆ ರಶ್ ಹೇಳಲು ಹೊರಟಾಗ ಹಿಡಿದದ್ದೂ ಇದೇ ದಾರಿ. ಆದರೆ ಜನರಲ್ ಬೋಗಿಯಲ್ಲಿ ಒಂಟಿ ಕಾಲಲ್ಲಿ ನಿಂತವನು ಫೋನ್ ತೆಗೆದು ಉತ್ತರ ಕೊಡ್ತಾನಾ? ಕೂತವನು ಕೊಡ್ತಾನೆ.

ಟಿಕೆಟ್ ಲೆಕ್ಕ ನೋಡಿದರಾಯ್ತಲ್ವಾ ಅಂದರೆ ಅದೂ ಆಗಲ್ಲ. ಮೆಟ್ರೊದಲ್ಲಾದರೆ ಗೇಟಿನಲ್ಲೇ ಯಾರು ಎಲ್ಲಿ ಹತ್ತಿ ಎಲ್ಲಿ ಇಳಿದರು ಅನ್ನುವುದು ಸಿಗುತ್ತದೆ. ನಮ್ಮ ಪಾಸಿನಿಂದ ಯಾವ ದಿನ ಯಾವ ರೈಲು ಹತ್ತಿದೆವು ಅಂತ ಗೊತ್ತಾಗುವುದಿಲ್ಲ.

ನನಗೆ ಹಿಡಿಸಿದ್ದು ತೂಕದ ಲೆಕ್ಕ. ಗಾಳಿ ಸ್ಪ್ರಿಂಗ್ ಇರುವ ಬೋಗಿಯಲ್ಲಿ ಜನ ಹತ್ತಿದಂತೆ ಸ್ಪ್ರಿಂಗಿನ ಒಳಗಿನ ಒತ್ತಡ ಏರುತ್ತದೆ. ಭಾರಕ್ಕೆ ತಕ್ಕಂತೆ ಬ್ರೇಕ್ ಹಾಕಬೇಕಲ್ಲ, ಅದಕ್ಕಾಗಿ ಹೇಗೂ ಅದನ್ನು ಅಳೆಯುತ್ತಾರೆ. ಖಾಲಿ ಬೋಗಿಯ ತೂಕ ಕಳೆದು, ಒಬ್ಬರ ಸರಾಸರಿ ತೂಕದಿಂದ ಭಾಗಿಸಿದರೆ ತಲೆ ಲೆಕ್ಕ ಬಂತು. ಟೋಕಿಯೊದ ಯಮನೋಟೆ ಲೈನಿನಲ್ಲಿ 2014ರಿಂದಲೇ ಯಾವ ಬೋಗಿ ಎಷ್ಟು ತುಂಬಿದೆ ಅಂತ ಆಪ್‌ನಲ್ಲಿ ತೋರಿಸುತ್ತಿದ್ದಾರೆ. ನಮ್ಮ ಕಡೆ ಊರಿಂದ ಅಕ್ಕಿ ಮೂಟೆ ಹೊತ್ತು ಬರುವವರನ್ನು ಇಬ್ಬರು ಅಂತ ಎಣಿಸಿಬಿಡಬಹುದು. ಎಣಿಸಲಿ ಬಿಡಿ, ಮೂಟೆಗೂ ಜಾಗ ಬೇಕಲ್ವಾ.

ಈ ಆಪ್ ಇಡೀ ರೈಲಿಗೆ ಒಂದೇ ಬಣ್ಣ ತೋರಿಸುತ್ತದೆ. ನನಗೆ ಬೇಕಿರುವುದು ಬೋಗಿಯ ಲೆಕ್ಕ. ಮುಂದಿನ ಜನರಲ್ ಬೋಗಿ ಕಿಕ್ಕಿರಿದಿರುವಾಗ ಎಷ್ಟೋ ಸಲ ಹಿಂದಿನದರಲ್ಲಿ ಆರಾಮಾಗಿ ನಿಲ್ಲಬಹುದು. ಹಾಗಾಗಿ ಬೆಳಿಗ್ಗೆ ನಾನು ನಂಬುವುದು ನಮ್ಮ ಪಾಸ್‌ನವರ ವಾಟ್ಸಾಪ್ ಗ್ರೂಪನ್ನೇ. ಪಾಂಡವಪುರದಲ್ಲಿ ಹತ್ತಿದವರು 'ಹಿಂದ್ಗಡೆ ಬಾ ಅಣ್ಣ' ಅಂತ ಹಾಕಿದರೆ ಪ್ಲಾಟ್‌ಫಾರ್ಮಿನ ಆ ತುದಿಗೆ ನಡೆಯುತ್ತೇನೆ.