ಮೂರು ಮಡಿ, ಒಂದೇ ಭತ್ತ, ಮೂರು ಥರ ನೀರು

ಮಗಳಿಗೆ ಅಕ್ಕಿ ಸರಿ ತಿನ್ನಿಸೋಕೆ ಶುರು ಮಾಡಿದ ಮೇಲೆ ನನಗೆ ಅಕ್ಕಿಗೆ ಸೇರಿಕೊಳ್ಳೋ ಆರ್ಸೆನಿಕ್ ಅನ್ನೋ ವಿಷ ತಲೆ ಕೊರೆಯತೊಡಗಿತು. ಹೆಸರಘಟ್ಟದ ಹತ್ತಿರ ಮಾವನವರ ಜಮೀನಿದೆ, ಬೋರ್‌ವೆಲ್ ನೀರು. ನೀರು ಕೊಡೋ ರೀತಿ ಬದಲಾಯಿಸಿದರೆ ಅದು ಕಮ್ಮಿಯಾಗುತ್ತಾ ನೋಡೋಣ ಅಂತ ಹೋದ ಮುಂಗಾರಿನಲ್ಲಿ ನಾಲ್ಕು ನಾಲ್ಕು ಗುಂಟೆಯ ಮೂರು ಮಡಿ ಕೇಳಿ ತಗೊಂಡೆ. ಮೂರಕ್ಕೂ ಒಂದೇ ತಳಿ, ಎಂಎಎಸ್ 946-1. ನಮ್ಮ ಜಿಕೆವಿಕೆಯದೇ (ಬೆಂಗಳೂರು ಕೃಷಿ ವಿವಿ), 'ಶಾರದಾ' ಅಂತಲೂ ಕರೀತಾರೆ. ಕಡಿಮೆ ನೀರಿನ ಬೆಳೆಗೆ ಅಂತಲೇ ತೆಗೆದ ತಳಿ. ಗೊಬ್ಬರವೂ ಒಂದೇ.

ಮೊದಲ ಮಡಿ ಮಾವನವರ ಪದ್ಧತಿ. ನಾಟಿಯಿಂದ ಕೊಯ್ಲಿಗೆ ಹತ್ತು ಹದಿನೈದು ದಿನ ಇರೋವರೆಗೂ ನೀರು ನಿಂತೇ ಇರಬೇಕು. ಇದರ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಕಳೆ ಕಮ್ಮಿ, ತಲೆನೋವು ಕಮ್ಮಿ, ಮೋಟರ್ ಮಾತ್ರ ಓಡ್ತಾನೇ ಇತ್ತು. ಇಳುವರಿ 2 ಕ್ವಿಂಟಾಲ್ 30 ಕೆಜಿ.

ಎರಡನೆಯದು ಗದ್ದೆ ಒಣಗಿಸಿ ಒಣಗಿಸಿ ನೀರು ಕೊಡೋದು. ಒಂದಡಿ ಉದ್ದದ ಪಿವಿಸಿ ಪೈಪ್ ತುಂಡಿನ ಕೆಳಗಿನ ಅರ್ಧಕ್ಕೆ ತೂತು ಕೊರೆದು, ಅಷ್ಟು ಭಾಗ ಮಣ್ಣಲ್ಲಿ ಹೂತು, ಒಳಗಿನ ಕೆಸರು ತೆಗೆದೆ. ಒಳಗೆ ಕಾಣೋ ನೀರು ನೆಲಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗಿಳಿದಾಗ ಮತ್ತೆ ನೀರು ಬಿಡಬೇಕು, ಗದ್ದೆ ಮೇಲೆ 5 ಸೆಂಟಿಮೀಟರ್ ನಿಲ್ಲೋ ಹಾಗೆ. ನಾಟಿಯಾದ ಮೊದಲ ಎರಡು ವಾರ ಮತ್ತು ಹೂವಿನ ಹಿಂದೆ ಮುಂದೆ ಒಂದೊಂದು ವಾರ ಮಾತ್ರ ಆರಿಸೋ ಹಾಗಿಲ್ಲ. ಸಂಜೆ ಹೊತ್ತು ಟಾರ್ಚ್, ಮಗನ ಸ್ಕೇಲು ಹಿಡ್ಕೊಂಡು ಪೈಪ್‌ಗೆ ಇಣುಕೋದು ನನ್ನ ಕೆಲಸ. ಒಂದು ದಿನ ಒಳಗೆ ಕಪ್ಪೆ ಕೂತು ನನ್ನನ್ನೇ ನೋಡ್ತಿತ್ತು! ನೆಲ ಕೂದಲೆಳೆಯಷ್ಟು ಬಿರುಕು ಬಿಟ್ಟಾಗ ಮಾವ ಬದು ಮೇಲೆ ನಿಂತು, "ಏನಪ್ಪಾ, ಗದ್ದೆ ಬಾಯಿ ಬಿಡ್ತಾ ಐತೆ, ನೀನು ಪೈಪ್ ನೋಡ್ತಾ ಕೂತಿದ್ದೀಯಲ್ಲ" ಅಂದರು. ಕೊನೆಗೆ ಬಂದದ್ದು 2 ಕ್ವಿಂಟಾಲ್ 25 ಕೆಜಿ. ಬರೀ 5 ಕೆಜಿ ಕಮ್ಮಿ. ನೀರು ಬಿಟ್ಟ ಸರದಿ ಲೆಕ್ಕ ಹಾಕಿದರೆ ಸುಮಾರು ಮೂರನೇ ಒಂದು ಭಾಗ ಉಳಿದಿತ್ತು.

ಮೂರನೆಯದು ಏರೋಬಿಕ್. ಕೆಸರು ಮಾಡೋದಿಲ್ಲ, ನಾಟಿ ಇಲ್ಲ, ರಾಗಿ ಥರ ಸಾಲಲ್ಲಿ ಬಿತ್ತೋದು. (ಹಾಗಾಗಿ ಇದು ಪಕ್ಕಾ ಸಮ ಹೋಲಿಕೆ ಅಲ್ಲ, ಒಪ್ತೀನಿ.) ನೀರು ಅರ್ಧಕ್ಕರ್ಧ ಸಾಕಾಯಿತು. ಆದರೆ ಕಳೆ ತಿಂದುಹಾಕಿತು. ಜೇಕು ಕಿತ್ತಷ್ಟೂ ಬಂತು, ಮೂರು ಸಲ ಕೂಲಿ ಕೊಟ್ಟೆ. ಎಳೆ ಎಲೆ ಹಳದಿಗೆ ತಿರುಗಿದವು. ನೀರು ನಿಲ್ಲದ ಮಣ್ಣಲ್ಲಿ ಕಬ್ಬಿಣ ಬೇರಿಗೆ ಸುಲಭವಾಗಿ ಸಿಗಲ್ಲ. ಸಾಲದ್ದಕ್ಕೆ ಹೂವಿನ ಹೊತ್ತಿಗೇ ಮೋಟರ್ ಸುಟ್ಟು ಆರು ದಿನ ನೀರಿಲ್ಲ. ಪಕ್ಕದ ಎರಡು ಮಡಿಯಲ್ಲಿ ನಿಂತ ನೀರು ಹೇಗೋ ಕಾಪಾಡಿತು. ಇಲ್ಲಿ ತೆನೆ ಹಿಸುಕಿದರೆ ಬೆರಳಿಗೆ ಹಾಲೇ ಹತ್ತಲಿಲ್ಲ, ಜೊಳ್ಳು. 1 ಕ್ವಿಂಟಾಲ್ 70 ಕೆಜಿ. ಇದರಲ್ಲಿ ಪದ್ಧತಿಯ ತಪ್ಪೆಷ್ಟು, ಮೋಟರಿನ ತಪ್ಪೆಷ್ಟು ಅಂತ ಬಿಡಿಸಿ ಹೇಳೋಕಾಗಲ್ಲ.

ಇನ್ನು ಅಕ್ಕಿ. ಮೂರು ಮಡಿಯದ್ದೂ ಬೇರೆ ಬೇರೆ ಮಿಲ್ ಮಾಡಿಸಿ, ಅರ್ಧರ್ಧ ಕೆಜಿ ಲ್ಯಾಬ್‌ಗೆ ಕೊಟ್ಟೆ. ನೀರು ನಿಂತ ಮಣ್ಣಿಗೆ ಗಾಳಿ ಹೋಗಲ್ಲ. ಆಗ ಕಬ್ಬಿಣದ ತುಕ್ಕಿಗೆ ಅಂಟಿಕೊಂಡಿದ್ದ ಆರ್ಸೆನಿಕ್ ಬಿಟ್ಟುಕೊಂಡು ನೀರಿಗೆ ಇಳಿಯುತ್ತೆ, ಭತ್ತದ ಬೇರು ಅದನ್ನ ಸಿಲಿಕಾನ್ ಬರೋ ದಾರಿಯಲ್ಲೇ ಎಳ್ಕೊಳ್ಳುತ್ತೆ. ಹಾಗಾದ್ರೆ ಒಣಗಿಸಿಬಿಟ್ರೆ ಆಯ್ತಲ್ವಾ ಅಂದ್ಕೊಂಡಿದ್ದೆ. ಇಲ್ಲ. ಕ್ಯಾಡ್ಮಿಯಂ ಅನ್ನೋ ಇನ್ನೊಂದು ವಿಷಲೋಹದ ಲೆಕ್ಕ ಉಲ್ಟಾ. ಕೆಸರಲ್ಲಿ ಗಂಧಕದ ಜೊತೆ ಗಟ್ಟಿಯಾಗಿ ಕೂತಿರೋದು, ಮಣ್ಣು ಆರಿದರೆ ಬಿಡಿಸಿಕೊಂಡು ಬೇರಿಗೆ ಸಿಗುತ್ತೆ. ನನ್ನ ರಿಪೋರ್ಟೂ ಅದೇ ಹೇಳಿತು. ಆರ್ಸೆನಿಕ್ ನಿಂತ ನೀರಿನ ಅಕ್ಕಿಯಲ್ಲಿ ಜಾಸ್ತಿ, ಕ್ಯಾಡ್ಮಿಯಂ ಏರೋಬಿಕ್‌ನಲ್ಲಿ ಜಾಸ್ತಿ, ಪೈಪ್ ಮಡಿ ಎರಡರಲ್ಲೂ ನಡುವೆ.

ಸದ್ಯ, ಮೂರೂ ಮಿತಿಯೊಳಗಿದ್ದವು. ಪಾಲಿಶ್ ಅಕ್ಕಿಗೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಒಂದು ಕೆಜಿಗೆ ಅಜೈವಿಕ ಆರ್ಸೆನಿಕ್ (ಆರ್ಸೆನಿಕ್‌ನ ಹೆಚ್ಚು ವಿಷದ ರೂಪ) 0.2 ಮಿಲಿಗ್ರಾಂ, ಕ್ಯಾಡ್ಮಿಯಂ 0.4. ಲ್ಯಾಬಿನವರು ಅಳೆದದ್ದು ಒಟ್ಟು ಆರ್ಸೆನಿಕ್. ಒಟ್ಟೇ 0.2ರ ಒಳಗಿದ್ದ ಮೇಲೆ ಅಜೈವಿಕದ್ದು ಬೇರೆ ನೋಡಬೇಕಿಲ್ಲ. ಪಾಲಿಶ್ ಮಾಡದ ಅಕ್ಕಿಯಲ್ಲಿ ಆರ್ಸೆನಿಕ್ ಇನ್ನೂ ಜಾಸ್ತಿ ಇರುತ್ತೆ, ತೌಡಲ್ಲೇ ಸೇರಿಕೊಳ್ಳೋದರಿಂದ. ಮನೆಯಲ್ಲಿ ಈಗ ಕುಕ್ಕರ್ ಬಿಟ್ಟು, ಅಜ್ಜಿ ಥರ ಜಾಸ್ತಿ ನೀರಿಟ್ಟು ಗಂಜಿ ಬಸಿಯುತ್ತೇವೆ. ಅದರಲ್ಲೂ ಸ್ವಲ್ಪ ಆರ್ಸೆನಿಕ್ ಹೊರಗೆ ಹೋಗುತ್ತೆ.

ಒಂದು ಮಾತು. ಇದೆಲ್ಲ ನಮ್ಮ ಬೋರ್‌ವೆಲ್ ನೀರು, ನಮ್ಮ ಮಣ್ಣಿನ ಕಥೆ. ಬೆಂಗಳೂರಿನ ವೃಷಭಾವತಿ ಹೊಳೆಯಂಥ ಚರಂಡಿ ನೀರು ಹರಿಯೋ ಕಡೆ ಗದ್ದೆ ಇದ್ದರೆ ಪೈಪ್ ಹೂಳೋ ಮುಂಚೆ ನೀರು, ಮಣ್ಣು ಎರಡನ್ನೂ ಟೆಸ್ಟ್ ಮಾಡಿಸಿ. ಕ್ಯಾಡ್ಮಿಯಂ ಇರೋ ಮಣ್ಣಾದರೆ ಗದ್ದೆ ಒಣಗಿಸೋದೇ ಎಡವಟ್ಟು.

ಈ ಸಲ ನಾನು ಎರಡು ಮಡಿಗೆ ಪೈಪ್ ಹಾಕ್ತಿದ್ದೀನಿ. ಏರೋಬಿಕ್‌ಗೆ ಹೊಸ ಮೋಟರ್ ಬಂದ ಮೇಲೆ ಇನ್ನೊಂದು ಅವಕಾಶ ಕೊಡಬೇಕು. ಮೊನ್ನೆ ಮಾವ ಬಂದು, ಮಿಕ್ಕಿದ ಪೈಪ್ ತುಂಡು ಎಲ್ಲಿಟ್ಟಿದ್ದೀಯಾ ಅಂತ ಕೇಳಿದರು. ಯಾಕೆ ಅಂದೆ. "ಸುಮ್ನೆ" ಅಂದರು.